ಪರದೆ ಕಪ್ಪಗಿದೆ ಅಂದಮಾತ್ರಕ್ಕೆ ಫೋನ್ ಸತ್ತಿಲ್ಲ: ಹಳೆ ಫೋನಿಗೆ ಹೊಸ ಓಎಸ್ ಪೋರ್ಟ್ ಮಾಡಲು ಹೊರಟವರಿಗೆ

ಹಳೆಯ ಸ್ಮಾರ್ಟ್‌ಫೋನಿಗೆ ಬೇರೆ ಆಪರೇಟಿಂಗ್ ಸಿಸ್ಟಮ್ (ಓಎಸ್) ಪೋರ್ಟ್ ಮಾಡಬೇಕು, ಅಂದರೆ ಆ ಫೋನಿಗೆ ಹೊಂದುವ ಹಾಗೆ ತಿದ್ದಿ ಹಾಕಬೇಕು ಅಂತ ಹೊರಟಿದ್ದೀರಾ? ಫೋನಿಗೆ ಕೇಬಲ್ ಸಿಕ್ಕಿಸುವ ಮೊದಲು ಇದನ್ನು ಓದಿ. ನಾನು ಎರಡೇ ವಾರಾಂತ್ಯಗಳಲ್ಲಿ ಒಂದು ಗಟ್ಟಿಮುಟ್ಟಾದ ಫೋನನ್ನು ಕರೆ ಮಾಡಲು ಬಾರದ ಹಾಗೆ ಮಾಡಿದೆ. ಅಕ್ಕನ ಎರಡು ವರ್ಷದ ಫೋಟೋಗಳನ್ನೂ ಕಳೆದೆ. ಎರಡಕ್ಕೂ ಕಾರಣ ಒಂದೇ. ಯಾವುದು ಮತ್ತೆ ಡೌನ್‌ಲೋಡ್ ಮಾಡಿದರೆ ಸಿಗುತ್ತದೆ, ಯಾವುದು ಆ ಒಂದು ಫೋನಿನೊಳಗೆ ಮಾತ್ರ ಇದೆ ಅನ್ನುವುದನ್ನು ನಾನು ಯೋಚಿಸಲೇ ಇಲ್ಲ.

ಫೋನ್ ಅಕ್ಕನದು. ಸ್ನ್ಯಾಪ್‌ಡ್ರಾಗನ್ 410 ಚಿಪ್, 2 ಜಿಬಿ ರ‍್ಯಾಮ್, ಆಂಡ್ರಾಯ್ಡ್ 6. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಆದರೆ ಪರದೆಯಲ್ಲಿ ಒಂದು ಗೀರೂ ಇರಲಿಲ್ಲ. ಬ್ಯಾಟರಿಯೂ ಪರವಾಗಿಲ್ಲ ಅನ್ನುವಂತಿತ್ತು. ಇಂಥ ಫೋನನ್ನು ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ? ಇದೇ ಚಿಪ್ ಇರುವ ಹಲವು ಫೋನುಗಳಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್ ಓಡುತ್ತದೆ ಎಂದು ಓದಿದ್ದೆ. ಅದು ಹಳೆ ಫೋನುಗಳಿಗೆ ಲಿನಕ್ಸ್ ಓಎಸ್ ಕೊಡುವ, 2017ರಲ್ಲಿ ಶುರುವಾದ ಯೋಜನೆ. ಆಲ್ಪೈನ್ ಲಿನಕ್ಸ್ ಮೇಲೆ ನಿಂತಿದೆ. ಅಕ್ಕನ ಮಾಡೆಲ್ ಅವರ ಪಟ್ಟಿಯಲ್ಲಿ ಇರಲಿಲ್ಲ. ಅದರ ಅಣ್ಣತಮ್ಮನಂಥ ಇನ್ನೊಂದು ಮಾಡೆಲ್ ಇತ್ತು. ಅದನ್ನು ಆಧಾರವಾಗಿ ಇಟ್ಟುಕೊಂಡು ನಾನೇ ಪೋರ್ಟ್ ಮಾಡುತ್ತೇನೆ ಅಂದುಕೊಂಡೆ. ಆ ಆಸೆಯಲ್ಲಿ ಈಗಲೂ ತಪ್ಪು ಕಾಣುವುದಿಲ್ಲ. ಮಾಡಿದ ಕ್ರಮ ತಪ್ಪು.

ಮೊದಲ ಪೆಟ್ಟು ಬೂಟ್‌ಲೋಡರ್ ಅನ್‌ಲಾಕ್ ಮಾಡುವಾಗಲೇ ಬಿತ್ತು. ಫೋನ್ ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್ ಅದು. ಬೇರೆ ಓಎಸ್ ಹಾಕಲು ಅದರ ಬೀಗ ತೆಗೆಯಬೇಕು. ಅನ್‌ಲಾಕ್ ಮಾಡಿದರೆ ಫೋನಿನ ಡೇಟಾ ಪೂರ್ತಿ ಅಳಿಸಿ ಹೋಗುತ್ತದೆ. ಇದು ನನಗೆ ಗೊತ್ತಿತ್ತು. ಅಕ್ಕ ಕೂಡ ಎಚ್ಚರಿಸಿದ್ದಳು. "ಫೋಟೋ ಎಲ್ಲಾ ಕಾರ್ಡಲ್ಲಿದೆ ಕಣೋ, ನೋಡ್ಕೊಂಡು ಮಾಡು" ಎಂದಿದ್ದಳು. "ಕಾರ್ಡ್ ತೆಗೆದಿಟ್ಟಿದ್ದೀನಿ ಅಕ್ಕ, ಏನೂ ಆಗಲ್ಲ" ಎಂದೆ. ಕಾರ್ಡನ್ನು ನಿಜವಾಗಿಯೂ ತೆಗೆದಿಟ್ಟಿದ್ದೆ.

ಅನ್‌ಲಾಕ್ ಆದ ಮೇಲೆ ಆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಒಂದು ಫೈಲೂ ಕಾಣಲಿಲ್ಲ. ಆಂಡ್ರಾಯ್ಡ್ 6ರಿಂದ ಎಸ್‌ಡಿ ಕಾರ್ಡನ್ನು ಫೋನಿನ ಒಳಗಿನ ಸ್ಟೋರೇಜ್ ಥರ ಬಳಸುವ ಆಯ್ಕೆ ಬಂದಿದೆ. ಹಾಗೆ ಆರಿಸಿಕೊಂಡರೆ ಕಾರ್ಡ್ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಬರುವುದಿಲ್ಲ. ಅದರ ಕೀಲಿ ಕಾರ್ಡಿನಲ್ಲಿ ಇರುವುದಿಲ್ಲ. ಫೋನಿನ ಡೇಟಾ ಪಾರ್ಟಿಷನ್ನಿನಲ್ಲಿ (ಒಳಗಿನ ಸ್ಟೋರೇಜಿನ ಒಂದು ಭಾಗ) ಇರುತ್ತದೆ. ಜಾಗ ಸಾಲುತ್ತಿಲ್ಲ ಎಂದು ಅಕ್ಕ ಯಾವಾಗಲೋ ಅದನ್ನು ಒತ್ತಿದ್ದಳು. ನಾನು ಡೇಟಾ ಅಳಿಸಿದ ಕ್ಷಣದಲ್ಲಿ ಕೀಲಿಯೂ ಹೋಯಿತು. ಕಾರ್ಡ್ ನನ್ನ ಕೈಯಲ್ಲೇ ಇತ್ತು, ಫೋಟೋಗಳು ಇನ್ನು ಯಾರಿಗೂ ಸಿಗುವುದಿಲ್ಲ. ಅವಳ ಮಗಳ ಮೊದಲ ಎರಡು ವರ್ಷದ ಫೋಟೋಗಳು ಅವು. ನೆಂಟರಿಗೆ ಆಗಾಗ ಕಳಿಸಿದ್ದ ಕೆಲವು ಮಾತ್ರ ಹುಡುಕಿ ಸೇರಿಸಿದೆವು.

ಹಾಗಾಗಿ ಕಾರ್ಡನ್ನು ತೆಗೆದಿಟ್ಟರೆ ಸಾಲದು. ಅನ್‌ಲಾಕ್ ಮಾಡುವ ಮೊದಲು ಅದನ್ನು ಕಂಪ್ಯೂಟರಿಗೆ ಹಾಕಿ, ನಾಲ್ಕು ಫೋಟೋ ತೆರೆದು ನೋಡಿ. ತೆರೆಯದಿದ್ದರೆ ಅಲ್ಲೇ ನಿಲ್ಲಿ. ಕಾರ್ಡನ್ನು ಮತ್ತೆ ಫೋನಿಗೆ ಹಾಕಿ, ಎಲ್ಲವನ್ನೂ ಫೋನಿನ ಮೂಲಕವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡು ಹಂತದ ಲಾಗಿನ್ ಆ್ಯಪ್ ಅದೇ ಫೋನಿನಲ್ಲಿದ್ದರೆ ಅದನ್ನೂ ಬೇರೆ ಕಡೆಗೆ ಸಾಗಿಸಿ.

ಎರಡನೇ ಪೆಟ್ಟು ಇದಕ್ಕಿಂತ ದೊಡ್ಡದು. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಜಾಸ್ತಿ ಜಾರುವ ಜಾಗ ಇದೇ.

ಮುಂದಿನ ಶನಿವಾರ ಓಎಸ್‌ನ ತಿರುಳಾದ ಕರ್ನಲ್ ಕಂಪೈಲ್ ಆಯಿತು. ಈ ಚಿಪ್ಪಿಗೆ ಮುಖ್ಯ ಲಿನಕ್ಸ್ ಕರ್ನಲ್‌ನಲ್ಲೇ ಬೆಂಬಲ ಇದೆ. ಕಂಪನಿ ಬಿಟ್ಟುಹೋದ 3.10 ಕರ್ನಲ್‌ಗೆ ಜೋತುಬೀಳಬೇಕಿಲ್ಲ. ಆ ಕರ್ನಲ್ ಇರುವ ಹೊಸ ಬೂಟ್ ಇಮೇಜನ್ನು ಬೂಟ್ ಪಾರ್ಟಿಷನ್ನಿಗೆ ಬರೆದೆ. ಉಳಿದ ಸಿಸ್ಟಮನ್ನು ಡೇಟಾ ಪಾರ್ಟಿಷನ್ನಿಗೆ ಬರೆದೆ. ಒಟ್ಟು ಎರಡೇ ಪಾರ್ಟಿಷನ್. ಈ ಎರಡು ಅನ್ನುವ ಲೆಕ್ಕ ನೆನಪಿಟ್ಟುಕೊಳ್ಳಿ.

ರೀಬೂಟ್ ಮಾಡಿದೆ. ಕಂಪನಿಯ ಲೋಗೋ ಬಂತು. ಆಮೇಲೆ ಪರದೆ ಕಪ್ಪಾಯಿತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಲೋಗೋ, ಮತ್ತೆ ಕಪ್ಪು. ರಾತ್ರಿ ಹನ್ನೊಂದು ದಾಟಿತ್ತು. ಹೋದ ವಾರವಷ್ಟೇ ಅಕ್ಕನ ಫೋಟೋ ಹಾಳುಮಾಡಿದ್ದೆ. ಈಗ ಫೋನನ್ನೂ ಸಾಯಿಸಿದೆನಲ್ಲಾ ಎಂದು ಕೈ ನಡುಗಿತು. ಹೇಗಾದರೂ ಮಾಡಿ ಹಳೆಯ ಆಂಡ್ರಾಯ್ಡ್ ವಾಪಸ್ ತರಬೇಕು ಅನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು.

ಹುಡುಕಿದಾಗ ಯಾರೋ ಹಾಕಿದ್ದ ಸ್ಟಾಕ್ ಫರ್ಮ್‌ವೇರ್ (ಕಂಪನಿಯ ಮೂಲ ಸಾಫ್ಟ್‌ವೇರ್) ಜಿಪ್ ಸಿಕ್ಕಿತು. ಫೋನಿನ ಹೆಸರು ಸರಿಯಾಗಿತ್ತು. ಮಾಡೆಲ್ ನಂಬರಿನ ಕೊನೆಯ ಎರಡು ಅಕ್ಷರ ಮಾತ್ರ ಬೇರೆ. ಜೊತೆಗೆ ಎಲ್ಲವನ್ನೂ ಒಂದೇ ಸಲಕ್ಕೆ ಫ್ಲ್ಯಾಶ್ ಮಾಡುವ, ಅಂದರೆ ಪಾರ್ಟಿಷನ್‌ಗಳಿಗೆ ಬರೆಯುವ ಸ್ಕ್ರಿಪ್ಟ್ ಇತ್ತು. ಅದನ್ನು ತೆರೆದು ಓದಲಿಲ್ಲ. ಸುಮ್ನೆ ಓಡಿಸಿಬಿಟ್ಟೆ. ಇಪ್ಪತ್ತಕ್ಕೂ ಜಾಸ್ತಿ ಸಾಲುಗಳು ಸರಸರನೆ ಓಡಿದವು. ಎಲ್ಲದರ ಮುಂದೆಯೂ 'ಓಕೆ' ಎಂದು ಬಂತು. ಆಂಡ್ರಾಯ್ಡ್ ತೆರೆದುಕೊಂಡಿತು. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಸಿಮ್ ಹಾಕಿದರೆ ಸಿಗ್ನಲ್ ಇಲ್ಲ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದೆ. ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಇರಬೇಕಾದ ಕಡೆ ಬರೀ 0 ಇತ್ತು.

ಆಗ ಆ ಸ್ಕ್ರಿಪ್ಟನ್ನು ತೆರೆದು ಒಂದೊಂದೇ ಸಾಲು ಓದಿದೆ. ನಡುವೆ ಎರಡು ಸಾಲು ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2 ಪಾರ್ಟಿಷನ್‌ಗಳನ್ನು ಅಳಿಸುತ್ತಿದ್ದವು. ಮೊಬೈಲ್ ನೆಟ್‌ವರ್ಕ್ ಹಿಡಿಯುವ ಭಾಗವಾದ ಮೋಡೆಮ್ ತನ್ನ ಗುರುತನ್ನು, ಅಂದರೆ ಐಎಂಇಐ ಮತ್ತು ರೇಡಿಯೋ ಹೊಂದಾಣಿಕೆಯ ಅಂಕಿಗಳನ್ನು, ಇಟ್ಟುಕೊಳ್ಳುವುದು ಅಲ್ಲೇ. ಅವೆರಡೂ ಖಾಲಿಯಾದರೆ ಎಫ್‌ಎಸ್‌ಜಿ ಅನ್ನುವ ಮೂರನೇ ಪಾರ್ಟಿಷನ್ನಿನಲ್ಲಿರುವ ಪ್ರತಿಯಿಂದ ಮೋಡೆಮ್ ಮತ್ತೆ ತುಂಬಿಸಿಕೊಳ್ಳುತ್ತದೆ. ಆದರೆ ಅದೇ ಸ್ಕ್ರಿಪ್ಟ್ ಎಫ್‌ಎಸ್‌ಜಿ ಮೇಲೂ ಜಿಪ್‌ನಲ್ಲಿದ್ದ ಫೈಲನ್ನು ಬರೆದಿತ್ತು. ಆ ಫೈಲಿನಲ್ಲಿ ಯಾವ ಫೋನಿನ ಗುರುತೂ ಇರಲಿಲ್ಲ. ಹೀಗೆ ಮೂರು ಪ್ರತಿಗಳನ್ನೂ ಒಂದೇ ನಿಮಿಷದಲ್ಲಿ ಕಳೆದಿದ್ದೆ. ನಾನು ಬರೆದಿದ್ದದ್ದು ಎರಡು ಪಾರ್ಟಿಷನ್. ಬೂಟ್ ಮತ್ತು ಡೇಟಾ ಎರಡನ್ನೇ ಸರಿಮಾಡಿದ್ದರೆ ಹಳೆಯ ಆಂಡ್ರಾಯ್ಡ್ ಬರುತ್ತಿತ್ತು. ಮುಟ್ಟದೇ ಇದ್ದ ಹದಿನೆಂಟು ಇಪ್ಪತ್ತು ಪಾರ್ಟಿಷನ್‌ಗಳನ್ನು ಹೆದರಿಕೆಯಲ್ಲಿ ಮುಟ್ಟಿದೆ.

ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಬೋರ್ಡ್ ಬದಲಿಸಬೇಕು ಎಂದರು. ಬೋರ್ಡಿನ ಬೆಲೆ ಫೋನಿಗಿಂತ ಜಾಸ್ತಿ. ಅದೇ ಮಾಡೆಲ್ ಇದ್ದ ಒಬ್ಬರು ತಮ್ಮ ಫೋನಿನ ಪ್ರತಿ ಕೊಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನಾನು ಒಪ್ಪಲಿಲ್ಲ. ನೀವೂ ಒಪ್ಪಬೇಡಿ. ಅದನ್ನು ಬರೆದರೆ ಎರಡು ಫೋನುಗಳಿಗೆ ಒಂದೇ ಐಎಂಇಐ ಆಗುತ್ತದೆ. ಹಲವು ದೇಶಗಳಲ್ಲಿ ಅದು ಅಪರಾಧ. ರೇಡಿಯೋ ಅಂಕಿಗಳೂ ಒಂದೊಂದು ಬೋರ್ಡಿಗೆ ಬೇರೆಬೇರೆ. ಇನ್ನೊಬ್ಬರ ಅಂಕಿ ನಿಮ್ಮ ಬೋರ್ಡಿಗೆ ಹೊಂದುವುದಿಲ್ಲ.

ನನಗೆ ಇವತ್ತಿಗೂ ನೋವಾಗುವ ವಿಷಯ ಬೇರೆಯೇ ಇದೆ. ಎರಡು ವಾರದ ನಂತರ ಕಂಪ್ಯೂಟರಿನ ಸಿಸ್ಟಮ್ ಲಾಗ್ ನೋಡುತ್ತಿದ್ದೆ. ಆ ಶನಿವಾರ ರಾತ್ರಿ ಪರದೆ ಕಪ್ಪಾದ ಅರ್ಧ ನಿಮಿಷಕ್ಕೆ ಒಂದು ಹೊಸ ಯುಎಸ್‌ಬಿ ನೆಟ್‌ವರ್ಕ್ ಸಾಧನ ಸೇರಿಕೊಂಡಿತ್ತು. ಪೋಸ್ಟ್‌ಮಾರ್ಕೆಟ್‌ಓಎಸ್ ಏಳುವಾಗ ಮಾಡುವುದೇ ಅದು. ಕೇಬಲ್ ಮೂಲಕ ನೆಟ್‌ವರ್ಕ್ ತೆರೆದು, 172.16.42.1 ವಿಳಾಸದಲ್ಲಿ ಕಾಯುತ್ತದೆ. ಅಂದರೆ ನನ್ನ ಮೊದಲ ಪೋರ್ಟ್ ಬೂಟ್ ಆಗಿತ್ತು! ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿದ್ದರೆ ಒಳಗೆ ಹೋಗಬಹುದಿತ್ತು. ಕೆಲಸ ಮಾಡದೇ ಇದ್ದದ್ದು ಡಿಸ್‌ಪ್ಲೇ ಒಂದೇ.

ಅದಕ್ಕೂ ಕಾರಣ ಸಿಕ್ಕಿತು. ಒಂದೇ ಮಾಡೆಲ್ ಫೋನಿಗೆ ಕಂಪನಿಗಳು ಎರಡು ಮೂರು ತಯಾರಕರ ಡಿಸ್‌ಪ್ಲೇ ಪ್ಯಾನೆಲ್ ಹಾಕುತ್ತವೆ. ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ನಾನು ಆಧಾರವಾಗಿ ಇಟ್ಟುಕೊಂಡ ಫೋನಿನ ಪ್ಯಾನೆಲ್ ಬೇರೆ, ಅಕ್ಕನ ಫೋನಿನದು ಬೇರೆ. ಪ್ಯಾನೆಲ್ ಹೆಸರು ಎಲ್ಲಿ ಸಿಗುತ್ತದೆ ಗೊತ್ತಾ? ಈ ಥರದ ಚಿಪ್‌ಗಳಲ್ಲಿ ಬೂಟ್‌ಲೋಡರ್ ಅದನ್ನು ಕರ್ನಲ್ ಕಮಾಂಡ್ ಲೈನಿನಲ್ಲಿ, ಅಂದರೆ ಕರ್ನಲ್ ಏಳುವಾಗ ಕೊಡುವ ಸೂಚನೆಗಳ ಸಾಲಿನಲ್ಲಿ, ಕೊಡುತ್ತದೆ. ಸ್ಟಾಕ್ ಕರ್ನಲ್ ಇದ್ದಾಗ ಆ ಸಾಲಿರುವ ಒಂದೇ ಒಂದು ಫೈಲ್ ಓದಿ ಇಟ್ಟುಕೊಂಡಿದ್ದರೆ ಸಾಕಿತ್ತು.

ಹಾಗಾಗಿ ಹೊಸಬರು ಯಾರಾದರೂ ಎಲ್ಲಿಂದ ಶುರುಮಾಡಲಿ ಎಂದು ಕೇಳಿದರೆ ನಾನು ಕರ್ನಲ್ ಮಾತು ಎತ್ತುವುದೇ ಇಲ್ಲ. ಮೊದಲು ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ ಎನ್ನುತ್ತೇನೆ. ಹೆಸರನ್ನು ನಂಬಬೇಡಿ. ಗ್ಯಾಲಕ್ಸಿ ಎಸ್4 ಅನ್ನುವ ಒಂದೇ ಹೆಸರಿನಲ್ಲಿ ಜಿಟಿ-ಐ9500 ಎಕ್ಸಿನಾಸ್ ಚಿಪ್‌ನದು, ಜಿಟಿ-ಐ9505 ಸ್ನ್ಯಾಪ್‌ಡ್ರಾಗನ್ ಚಿಪ್‌ನದು. ಒಂದರ ಇಮೇಜ್ ಇನ್ನೊಂದಕ್ಕೆ ಆಗುವುದಿಲ್ಲ.

ಆಮೇಲೆ ಪ್ರತಿ ತೆಗೆಯುವ ಕೆಲಸ. ಬೂಟ್‌ಲೋಡರ್ ಅನ್‌ಲಾಕ್ ಆದ ಕೂಡಲೇ ಏನನ್ನೂ ಬರೆಯಬೇಡಿ. ನಿಮ್ಮ ಮಾಡೆಲ್ಲಿಗೆ ಟಿಡಬ್ಲ್ಯುಆರ್‌ಪಿ ರಿಕವರಿ (ಓಎಸ್ ಇಲ್ಲದೆಯೇ ತೆರೆದುಕೊಳ್ಳುವ ದುರಸ್ತಿ ಸಾಧನ) ಇದ್ದರೆ ಕಂಪ್ಯೂಟರಿನಿಂದ 'ಫಾಸ್ಟ್‌ಬೂಟ್ ಬೂಟ್' ಕಮಾಂಡಿನಲ್ಲಿ ಅದನ್ನು ರ‍್ಯಾಮಿಗೆ ಮಾತ್ರ ಹಾಕಿ ತೆರೆಯಿರಿ. ಫೋನ್ ಆಫ್ ಮಾಡಿದರೆ ಮೊದಲಿನ ಹಾಗೇ ಇರುತ್ತದೆ. ಕೆಲವು ಬೂಟ್‌ಲೋಡರ್‌ಗಳು ಈ ಕಮಾಂಡನ್ನು ಒಪ್ಪುವುದಿಲ್ಲ. ಆಗ ರಿಕವರಿ ಪಾರ್ಟಿಷನ್ ಒಂದಕ್ಕೆ ಮಾತ್ರ ಬರೆಯಿರಿ. ಅಲ್ಲಿಂದ ಎಡಿಬಿ ಶೆಲ್‌ನಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಕಿಟಕಿ) ಪಾರ್ಟಿಷನ್ ಹೆಸರುಗಳ ಪಟ್ಟಿ ತೆಗೆಯಿರಿ. ಕ್ವಾಲ್‌ಕಾಮ್ ಚಿಪ್ ಆದರೆ ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಎಫ್‌ಎಸ್‌ಸಿ, ಪರ್ಸಿಸ್ಟ್ ಇವುಗಳನ್ನು ಡಿಡಿ ಕಮಾಂಡಿನಲ್ಲಿ ನಕಲು ಮಾಡಿ ಕಂಪ್ಯೂಟರಿಗೆ ಎಳೆದುಕೊಳ್ಳಿ. ಮೀಡಿಯಾಟೆಕ್ ಆದರೆ ಎನ್‌ವಿರ‍್ಯಾಮ್, ಎನ್‌ವಿಡೇಟಾ, ಪ್ರೊಟೆಕ್ಟ್1, ಪ್ರೊಟೆಕ್ಟ್2. ಸ್ಯಾಮ್‌ಸಂಗ್ ಆದರೆ ಇಎಫ್‌ಎಸ್. ಎಲ್ಲ ಸೇರಿದರೂ ಒಂದು ಸಾಧಾರಣ ವಿಡಿಯೋದಷ್ಟೂ ಆಗುವುದಿಲ್ಲ. ಫೋನಿನ ಹೊರಗೆ ಎರಡು ಕಡೆ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಐಎಂಇಐ ಇರುವುದರಿಂದ ಯಾರಿಗೂ ಕಳಿಸಬೇಡಿ. ಮೀಡಿಯಾಟೆಕ್ ಫೋನ್ ಇರುವವರು ಎಸ್‌ಪಿ ಫ್ಲ್ಯಾಶ್ ಟೂಲ್‌ನಲ್ಲಿ 'ಫಾರ್ಮ್ಯಾಟ್ ಆಲ್' ಇರುವ ಆಯ್ಕೆಯ ಹತ್ತಿರವೂ ಹೋಗಬೇಡಿ. ನನ್ನ ಸ್ಕ್ರಿಪ್ಟ್ ಮಾಡಿದ್ದನ್ನೇ ಅದು ಒಂದೇ ಕ್ಲಿಕ್ಕಿನಲ್ಲಿ ಮಾಡುತ್ತದೆ.

ರಿಕವರಿಯಲ್ಲಿ ಇರುವಾಗಲೇ ಕರ್ನಲ್ ಕಮಾಂಡ್ ಲೈನ್, ಕರ್ನಲ್ ಲಾಗ್ ಎರಡನ್ನೂ ಉಳಿಸಿಕೊಳ್ಳಿ. ಕರ್ನಲ್ ಕಾನ್ಫಿಗ್ (ಕರ್ನಲ್ ಕಟ್ಟುವಾಗ ಆರಿಸಿದ ಆಯ್ಕೆಗಳ ಪಟ್ಟಿ) ಸಿಕ್ಕರೆ ಅದನ್ನೂ ತೆಗೆದುಕೊಳ್ಳಿ. ಈಗಿರುವ ಬೂಟ್ ಪಾರ್ಟಿಷನ್ನಿನ ನಕಲನ್ನಂತೂ ಬಿಡಲೇಬೇಡಿ. ವಾಪಸ್ ಬರುವ ದಾರಿ ಅದು. ನಿಮ್ಮ ಫೋನಿನದೇ ಆಗಿರುವುದರಿಂದ ಯಾರದೋ ಜಿಪ್ ಹುಡುಕುವ ಅಗತ್ಯ ಬರುವುದಿಲ್ಲ.

ಹಳೆಯ ಫರ್ಮ್‌ವೇರ್‌ಗೆ ಹಿಂದೆ ಹೋಗುವುದೂ ಅಪಾಯವೇ. ಕೆಲವು ಫೋನುಗಳಲ್ಲಿ ಫರ್ಮ್‌ವೇರ್ ಎಷ್ಟನೆಯದು ಅನ್ನುವ ಲೆಕ್ಕವನ್ನು ಚಿಪ್ಪಿನ ಫ್ಯೂಸ್‌ಗಳಲ್ಲಿ ಸುಟ್ಟು ಬರೆದಿರುತ್ತಾರೆ. ಅದಕ್ಕಿಂತ ಹಿಂದಿನದನ್ನು ಹಾಕಿದರೆ ಫೋನ್ ಬೂಟ್‌ಲೋಡರ್‌ಗೂ ಬರದೇ ಹೋಗಬಹುದು. ಹಾಗೆಯೇ ಬೇರೆ ಓಎಸ್ ಫೋನಿನಲ್ಲಿ ಇರುವಾಗ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬೇಡಿ. ಬೂಟ್‌ಲೋಡರ್ ತನ್ನ ಕಂಪನಿಯ ಸಹಿ ಇಲ್ಲದ್ದನ್ನು ಓಡಿಸದೆ ನಿಂತುಬಿಡಬಹುದು. ಇಡಿಎಲ್ ಮೋಡ್ (ಕ್ವಾಲ್‌ಕಾಮ್ ಚಿಪ್‌ನ ತುರ್ತು ಫ್ಲ್ಯಾಶ್ ದಾರಿ) ಇದೆಯಲ್ಲ ಎಂದು ಧೈರ್ಯ ಹೇಳುವವರು ಸಿಗುತ್ತಾರೆ. ಅದಕ್ಕೆ ನಿಮ್ಮ ಫೋನಿಗೆ ಹೊಂದುವ, ಕಂಪನಿಯ ಸಹಿ ಇರುವ ಪ್ರೋಗ್ರಾಮರ್ ಫೈಲ್ ಬೇಕು. ಎಲ್ಲ ಮಾಡೆಲ್‌ಗೂ ಅದು ಹೊರಗೆ ಸಿಗುವುದಿಲ್ಲ.

ಆಂಡ್ರಾಯ್ಡ್ ಆಧಾರಿತ ಲೀನಿಯೇಜ್‌ಓಎಸ್ ಕಡೆ ಹೋಗುವವರಿಗೂ ಒಂದು ಮಾತು. ಅಲ್ಲಿ ಸೋರ್ಸ್ ಇಳಿಸಿ ಬಿಲ್ಡ್ ಮಾಡಲು ನೂರಾರು ಜಿಬಿ ಡಿಸ್ಕ್ ಬೇಕು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ ನೆಟ್‌ವರ್ಕ್ ಕೆಲಸಕ್ಕೆ ಇಬಿಪಿಎಫ್ (ಕರ್ನಲ್ ಒಳಗೆ ಪುಟ್ಟ ಪ್ರೋಗ್ರಾಮ್ ಓಡಿಸುವ ಸೌಲಭ್ಯ) ಬೇಕಾಗಿರುವುದರಿಂದ 3.10, 3.18ರಂಥ ಹಳೆಯ ಕರ್ನಲ್ ಇರುವ ಫೋನುಗಳು ಹಿಂದೆ ಉಳಿದವು. ನಿಮ್ಮ ಫೋನಿನ ಕರ್ನಲ್ ಯಾವುದು ಎಂದು ನೋಡದೆ ತಿಂಗಳುಗಟ್ಟಲೆ ಕೂರಬೇಡಿ.

ಅಕ್ಕ ಈಗ ಬೇರೆ ಫೋನ್ ಬಳಸುತ್ತಿದ್ದಾಳೆ. ಹಳೆಯದನ್ನು ನನಗೇ ಕೊಟ್ಟಳು. ಸರಿಯಾದ ಪ್ಯಾನೆಲ್ ಡ್ರೈವರ್ ಬರೆಯಲು ಆರು ವಾರ ಹಿಡಿಯಿತು. ಪರದೆ ಬಂತು, ಟಚ್ ಬಂತು, ವೈಫೈ ಕೂಡ ಬಂತು. ಕರೆ ಬರುವುದಿಲ್ಲ. ಇನ್ನು ಬರುವುದೂ ಇಲ್ಲ.

ನಿಮ್ಮ ಫೋನ್ ಈ ಹೊತ್ತಿಗೆ ಮೇಜಿನ ಮೇಲೆ ಕಪ್ಪು ಪರದೆಯಲ್ಲಿ ಬಿದ್ದಿದ್ದರೆ ಕೇಬಲ್ ಕೀಳಬೇಡಿ, ಏನನ್ನೂ ಫ್ಲ್ಯಾಶ್ ಮಾಡಬೇಡಿ. ಕಂಪ್ಯೂಟರಿನ ಲಾಗ್ ತೆರೆದು ಹೊಸ ಯುಎಸ್‌ಬಿ ಸಾಧನ ಬಂದಿದೆಯಾ ನೋಡಿ. ಬಂದಿದ್ದರೆ ಮೊದಲು 172.16.42.1 ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬರುತ್ತದಾ ನೋಡಿ. ಬಂದಿಲ್ಲವಾದರೆ ಇಲ್ಲಿಯವರೆಗೆ ಓಡಿಸಿದ ಕಮಾಂಡ್‌ಗಳನ್ನು ಇದ್ದ ಕ್ರಮದಲ್ಲೇ ಒಂದು ಹಾಳೆಗೆ ಬರೆದುಕೊಳ್ಳಿ. ಯಾವ ಪಾರ್ಟಿಷನ್ ಮುಟ್ಟಿದ್ದೀರಿ ಅನ್ನುವುದು ಅದರಲ್ಲಿ ಇರಲಿ. ಪೋರ್ಟ್ ಮಾಡಿ ಅನುಭವ ಇರುವವರು ಮೊದಲು ಕೇಳುವುದು ಅದನ್ನೇ. ಬೆಳಗಾಗುವವರೆಗೆ ಕಾಯಿರಿ.