ಮಸುಕು ಧೂಮಕೇತುವಿಗೆ ಬೈನಾಕ್ಯುಲರೋ, ಕ್ಯಾಮೆರಾನೋ?

ಮೂಡಿಗೆರೆ ಕಡೆ ಕಾಫಿ ಕಣದಲ್ಲಿ ನಿಂತು ಧೂಮಕೇತುವಿನ ಬೆನ್ನುಹತ್ತುವ ಆಸೆಯೇ? ಮೊದಲು ಇದನ್ನು ತೀರ್ಮಾನಿಸಿ: ನೀವು ಅಳೆಯಬೇಕಿರುವುದು ಧೂಮಕೇತುವಿನ ಹೊಳಪೋ, ಆಕಾಶದಲ್ಲಿ ಅದರ ಸ್ಥಾನವೋ?

ಹೊಳಪು ಸಾಕೆಂದರೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಧಾರಾಳ. ಧೂಮಕೇತು ಚುಕ್ಕಿಯಲ್ಲ, ಹಿಂಜಿದ ಹತ್ತಿಯ ಉಂಡೆ. ಅದರ ಗಾತ್ರ, ಹೊಳಪು ನೆನಪಿಟ್ಟುಕೊಂಡು, ಫೋಕಸ್ ಕೆಡಿಸಿ, ಪಕ್ಕದ ನಕ್ಷತ್ರಗಳನ್ನೂ ಅಷ್ಟೇ ದೊಡ್ಡದಾಗಿ ಉಬ್ಬಿಸಿ ಹೋಲಿಸಬೇಕು. ಹೊಳಪಿನ ಅಂಕಿ (ಮ್ಯಾಗ್ನಿಟ್ಯೂಡ್) ಹೆಚ್ಚಿದಷ್ಟೂ ಮಸುಕು; 7.2 ಮತ್ತು 7.8ರ ನಕ್ಷತ್ರಗಳಿಗೆ ಸರಿಯಾಗಿ ನಡುವೆ ಕಂಡರೆ 7.5 ಎಂದು ಬರೆದುಕೊಳ್ಳಿ. 9 ದಾಟಿತೋ, ಕಣ್ಣು ಸೋಲುತ್ತದೆ.

ಕಕ್ಷೆಯ ಲೆಕ್ಕಕ್ಕೆ ಟೆಲಿಸ್ಕೋಪಿಗೆ ಕೂರಿಸಿದ ಕ್ಯಾಮೆರಾನೇ ಬೇಕು. ಬೇರೆ ಬೇರೆ ಹೊತ್ತಿನ ಕನಿಷ್ಠ ಮೂರು ಸ್ಥಾನ, ಜತೆಗೆ ಸೆಕೆಂಡಿನ ಮಟ್ಟಕ್ಕೆ ಸರಿಯಾದ ಸಮಯ. ಗಡಿಯಾರ ತಪ್ಪಿದರೆ ಚಿತ್ರ ಎಷ್ಟು ಚೆಂದವಿದ್ದರೂ ದಂಡ. ಒಟ್ಟು ಹೊಳಪಿನ ವಿಷಯದಲ್ಲಿ ಮಾತ್ರ ಕ್ಯಾಮೆರಾ ಮೋಸ ಮಾಡಬಹುದು: ಹೊಳಪು ಅಳೆಯಲು ಚಿತ್ರದ ಮೇಲೆ ಹಾಕುವ ವೃತ್ತ ಚಿಕ್ಕದಾದರೆ ಧೂಮಕೇತುವಿನ ಅಂಚಿನ ಮಂಜು ಬಿಟ್ಟುಹೋಗಿ, ಇರುವುದಕ್ಕಿಂತ ಮಸುಕಾದ ಅಂಕಿ ಬರುತ್ತದೆ.

ಇನ್ನು ನಮ್ಮ ಮಲೆನಾಡಿನ ಇಬ್ಬನಿ! ಬೈನಾಕ್ಯುಲರನ್ನಾದರೆ ಕಂಬಳಿಯೊಳಗೆ ಬೆಚ್ಚಗಿಟ್ಟು ಮತ್ತೆ ಹಿಡಿಯಬಹುದು. ಟೆಲಿಸ್ಕೋಪಿಗೆ ಹೀಟರ್ ಪಟ್ಟಿ, ಅದಕ್ಕೊಂದು ಬ್ಯಾಟರಿ. ನಾನಾದರೆ ಮೊದಲ ವರ್ಷ ಬೈನಾಕ್ಯುಲರಲ್ಲೇ ಕಳೆಯುತ್ತೇನೆ.