ನಗೆಹನಿ, ಚುಟುಕ, ಹರಟೆ: ಅರ್ಧ ಪುಟಕ್ಕೆ ಯಾವುದು?

ಮೈಸೂರಿನ ಕಾಲೇಜು ಸಂಚಿಕೆಗೆ ಅರ್ಧ ಪುಟ ಹಾಸ್ಯ ಬೇಕು, ಯಾವುದನ್ನು ಬರೆಯಲಿ ಎಂದರೆ ಮೊದಲು ಜಾಗದ ಲೆಕ್ಕ. ನಗೆಹನಿಗೆ 30 ಪದ ಸಾಕು, ಚುಟುಕಕ್ಕೆ 4 ಸಾಲು. ಹರಟೆಗೆ, ಅಂದರೆ ಮಾತಿನ ಧಾಟಿಯ ಲಘು ಪ್ರಬಂಧಕ್ಕೆ, 300 ಪದವಾದರೂ ಬೇಕು. ಅರ್ಧ ಪುಟದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ.

ಕಸುಬು ಅತಿ ಬಿಗಿ ಇರುವುದು ನಗೆಹನಿಯಲ್ಲಿ. ನಗಿಸುವ ಪದ ಕೊನೆಗೇ ಬೀಳಬೇಕು. ಮಂಡ್ಯದ ಬಸ್ ನಿಲ್ದಾಣ: "ಬಸ್ಸು ಯಾವಾಗ್ ಬತ್ತದಣ್ಣ?" "ಬೀಡಿ ಹಚ್ಚುದ್ರೆ ತಕ್ಷಣ ಬತ್ತದೆ." ಇಲ್ಲಿ ಬೀಡಿ ಮೊದಲೇ ಹೊತ್ತಿಕೊಂಡಿತು, ಉಳಿದೆರಡು ಪದ ಬರೀ ಬೂದಿ. "ಬೇಗ ಬರ್ಬೇಕಾ? ಬೀಡಿ ಹಚ್ಚು" ಎಂದರೆ ಸರಿಹೋಯಿತು. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ವಾಕ್ಯವನ್ನು ಹೀಗೆ ಮುರಿದು ಕಟ್ಟುವುದು ಆಗಾಗ ಬೇಕಾಗುತ್ತದೆ. ಆಮೇಲೆ ಒಂದಕ್ಷರ ವಿವರಣೆ ಕೂಡದು. (ಮೂರು ಆಶ್ಚರ್ಯಸೂಚಕ ಹಾಕುವವರಿಗೆ ತಮ್ಮ ನಗೆಹನಿಯ ಮೇಲೇ ನಂಬಿಕೆಯಿಲ್ಲ.)

ಚುಟುಕದ ಸಂಕಟ ಪ್ರಾಸ. ಕವಿ ದಿನಕರ ದೇಸಾಯಿ ಜನಪ್ರಿಯಗೊಳಿಸಿದ ನಾಲ್ಕು ಸಾಲಿನ ಅಚ್ಚಿನಲ್ಲಿ ಬರೆಯುವಾಗ ಕೊನೆಯ ಸಾಲನ್ನು ಮೊದಲು ಕಟ್ಟಿ, ಮೂರನೆಯದನ್ನು ಅದಕ್ಕೆ ಹೊಂದಿಸಿ. ಉಲ್ಟಾ ಹೋದರೆ ಪ್ರಾಸ ಕೂರುತ್ತದೆ, ನಗು ಏಳುವುದಿಲ್ಲ. ದಸರಾ ಕವಿಗೋಷ್ಠಿಯಂಥ ವೇದಿಕೆಯಲ್ಲಿ ಓದುವುದಾದರೆ ಮಾತ್ರ ಇದೇ ಲೇಸು: ಸಭೆಯ ಕಿವಿ ಪ್ರಾಸಕ್ಕೆ ಕಾದು ಕೂತಿರುತ್ತದೆ.

ಬಾಳಿಕೆಯಲ್ಲಿ ಹರಟೆ ಮುಂದು. ಕನ್ನಂಬಾಡಿಯ ನೀರಿನ ಮಟ್ಟದ ಮೇಲಿನ ನಗೆಹನಿ ಕಟ್ಟೆ ತುಂಬಿದ ದಿನವೇ ಹಳಸುತ್ತದೆ. ಹರಟೆ ಮಾತಿನ ಧಾಟಿಯಿಂದ ಬದುಕುವುದರಿಂದ ಎರಡನೇ ಓದಿಗೂ ಉಳಿಯುತ್ತದೆ. ಪೂರ್ತಿ ಎರಡು ಪುಟ ಸಿಕ್ಕರೆ ಅದನ್ನೇ ಹಿಡಿಯಿರಿ.