ಒರಗಿ ತುಳಿಯುವ ಸೈಕಲ್ ಕೊಳ್ಳುವ ಮುನ್ನ ಫೋರ್ಕಿನ ಓರೆ ಅಳೆಯಿರಿ

ಸೊಂಟನೋವಿನ ಕಾರಣಕ್ಕೆ ರಿಕಂಬೆಂಟ್ ಸೈಕಲ್, ಅಂದರೆ ಒರಗಿ ಕುಳಿತು ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ ಹುಡುಕುತ್ತಿದ್ದೆ. ತಾವೇ ವೆಲ್ಡ್ ಮಾಡಿಸಿದ್ದನ್ನು ಒಬ್ಬರು ತಂದುಕೊಟ್ಟರು. ನಮ್ಮ ಕಾಫಿ ಕಣದಲ್ಲಿ ಎರಡು ಸುತ್ತು ಹಾಕಿದೆ, ಸಲೀಸಾಗಿ ಹೋಯಿತು, ಹಣ ಕೊಟ್ಟುಬಿಟ್ಟೆ. ಸಮತಟ್ಟಾದ ಕಣದಲ್ಲಿ ನೋಡಿ ಕೊಡಗಿನ ಏರಿಗೆ ಒಯ್ದದ್ದೇ ನನ್ನ ತಪ್ಪು.

ಸುಂಟಿಕೊಪ್ಪದಿಂದ ಮಡಿಕೇರಿಯ ಕಡೆಗೆ ಹತ್ತುತ್ತಿದ್ದೆ. ಜಡಿಮಳೆ, ನಡಿಗೆಯ ವೇಗ. ತಿರುವಿನಲ್ಲಿ ಹ್ಯಾಂಡಲನ್ನು ಒಂದಿಷ್ಟೇ ಎಡಕ್ಕೆ ಎಳೆದೆ, ಮುಂದಿನ ಚಕ್ರ ಧೊಪ್ಪನೆ ಪೂರ್ತಿ ಎಡಕ್ಕೆ ಹೊರಳಿಕೊಂಡಿತು. ಪೆಡಲಿನ ಮೇಲಿದ್ದ ಪಾದವನ್ನು ನೆಲಕ್ಕೆ ತರುವಷ್ಟೂ ಹೊತ್ತಿರಲಿಲ್ಲ. ಹಿಂದಿದ್ದ ತೋಟದ ಜೀಪು ನನ್ನ ತಲೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. "ಅಣ್ಣಾ, ನೀವು ತಿರುಗಿಸಲಿಲ್ಲ, ಚಕ್ರ ತಾನಾಗಿಯೇ ತಿರುಗಿತು" ಎಂದು ಚಾಲಕ ಎಬ್ಬಿಸಿದ. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್.

ಆಮೇಲೆ ಅಳೆದೆ. ನೋಟ ಚೆನ್ನಾಗಿರಲೆಂದು ಫೋರ್ಕನ್ನು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲನ್ನು, ಮುಂದಕ್ಕೆ ಚಾಚಿ, ನೆಲಕ್ಕೆ 60 ಡಿಗ್ರಿ ಓರೆಯಲ್ಲಿ ಕೂರಿಸಿದ್ದರು. ಹ್ಯಾಂಡಲ್ ತಿರುಗುವ ಕೊಳವೆಯ ನೇರಕ್ಕೆ ದಾರ ಹಿಡಿದು ನೆಲ ಮುಟ್ಟಿಸಿದರೆ, ಆ ಗುರುತಿಗೂ ಟೈರು ನೆಲ ತಾಗುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ನನ್ನ 20 ಇಂಚಿನ ಚಕ್ರದಲ್ಲಿ ಅದು ಸುಮಾರು 9 ಸೆಂ.ಮೀ. ಇತ್ತು. ಅದೇ ಫೋರ್ಕು 70 ಡಿಗ್ರಿಯಲ್ಲಿದ್ದರೆ 4 ಸೆಂ.ಮೀ. ಆಗುತ್ತಿತ್ತು. ವೇಗದಲ್ಲಿ ಟ್ರೇಲ್ ಚಕ್ರವನ್ನು ನೆಟ್ಟಗಿಡುತ್ತದೆ, ನಿಜ. ಆದರೆ ಫೋರ್ಕು ಇಷ್ಟು ಮಲಗಿದ್ದರೆ ತಿರುಗಿಸಿದೊಡನೆ ಸೈಕಲ್ಲಿನ ಮುಂಭಾಗ ತಗ್ಗುತ್ತದೆ, ಮೇಲಿನ ಭಾರವೇ ಚಕ್ರವನ್ನು ಇನ್ನಷ್ಟು ಹೊರಳಿಸುತ್ತದೆ. ಸಾಮಾನ್ಯ ಸೈಕಲ್ಲಿನಲ್ಲಿ ಮೈ ವಾಲಿಸಿ ಸಾವರಿಸಿಕೊಳ್ಳಬಹುದು. ಇಲ್ಲಿ ಬೆನ್ನು ಸೀಟಿಗೆ ಅಂಟಿರುತ್ತದೆ.

ಫೋನ್ ಮಾಡಿದರೆ ಮಾರಿದವರು "ರೂಢಿಯಾದರೆ ಸರಿಹೋಗುತ್ತದೆ" ಎಂದರು. ನಾನು ಒಪ್ಪುವುದಿಲ್ಲ. ಒರಗುವ ಭಂಗಿಯದ್ದೂ ತಪ್ಪಲ್ಲ: 1933ರಲ್ಲಿ ಫ್ರಾನ್ಸಿನ ಸೈಕಲ್ ಪಟು ಫ್ರಾನ್ಸಿಸ್ ಫೋರ್ ಇಂಥ ಸೈಕಲ್ಲಿನಲ್ಲೇ ಒಂದು ಗಂಟೆಯಲ್ಲಿ 45 ಕಿ.ಮೀ.ಗಿಂತ ಹೆಚ್ಚು ದೂರ ಸಾಗಿದ್ದರು. ತಪ್ಪು ಆ ಓರೆಯದು.

ಕೊಳ್ಳುವವರು ದಾರ, ಟೇಪು ಹಿಡಿದು ಹೋಗಿ. ನಿಂತಲ್ಲೇ ಸೈಕಲ್ಲನ್ನು ತುಸು ವಾಲಿಸಿ, ಚಕ್ರ ಎಷ್ಟು ಜೋರಾಗಿ ಪಕ್ಕಕ್ಕೆ ಹೊರಳುತ್ತದೆಂದು ನೋಡಿ. ಏರಿನಲ್ಲಿ ನಿಧಾನವಾಗಿ ತುಳಿಯಲು ಬಿಡದಿದ್ದರೆ ವಾಪಸು ಬನ್ನಿ. ನನ್ನದರ ಕೊಳವೆಯನ್ನು ಕತ್ತರಿಸಿ ಮತ್ತೆ ಕೂರಿಸಬೇಕಿದೆ. ಅಲ್ಲಿಯವರೆಗೆ ಮನೆಯ ಹುಡುಗರು ಹತ್ತದಂತೆ ಕಣದ ಷೆಡ್ಡಿನ ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದೇನೆ.